ಮರ ಹತ್ತುವ ಕಳ್ಳಿ, ಇರುಳಲ್ಲಿ ಅರಳುವ ಹೂವು

(ಮಡಿಕೇರಿಯಲ್ಲಿ ಕಾಫಿ ಬೆಳೆಗಾರರು ಮತ್ತು ಹೂದೋಟದ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಡ್ರ್ಯಾಗನ್ ಫ್ರೂಟ್ ಈಗ ನಮಗೆ ಹೊಸದಲ್ಲ. ಕುಶಾಲನಗರದ ಹಣ್ಣಿನಂಗಡಿಯಲ್ಲೂ ಸಿಗುತ್ತದೆ, ವಿರಾಜಪೇಟೆಯಲ್ಲೂ ಸಿಗುತ್ತದೆ. ಹಣ್ಣು ತಿಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಹೂವು ನೋಡಿದವರು ಎಷ್ಟು ಜನ ಅಂತ ಕೇಳಿದರೆ ಕೈ ಎತ್ತುವವರು ಕಡಿಮೆ. ಅದು ಅರಳುವ ಹೊತ್ತಿಗೆ ನಾವೆಲ್ಲ ಊಟ ಮುಗಿಸಿ ಬಾಗಿಲು ಹಾಕಿಕೊಂಡಿರುತ್ತೇವೆ. ಬೆಳಿಗ್ಗೆ ಎದ್ದು ತೋಟಕ್ಕೆ ಹೋಗುವಷ್ಟರಲ್ಲಿ ಬಾಡಿ ಜೋತುಬಿದ್ದಿರುತ್ತದೆ.

ಈ ಬಳ್ಳಿ ನೆಟ್ಟವರು ನನ್ನ ಬಳಿ ಹೇಳುವ ತೊಂದರೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಮಳೆಗಾಲದಲ್ಲಿ ಬುಡ ಕೊಳೆಯಿತು. ಎರಡನೆಯದು, ಬಳ್ಳಿ ಸೊಂಪಾಗಿ ಬೆಳೆದಿದೆ, ಹೂವೇ ಇಲ್ಲ. ಮೂರನೆಯದು, ಹೂವು ರಾಶಿ ಬಂತು, ಕಾಯಿ ಕಟ್ಟಲಿಲ್ಲ. ಈ ಮೂರೂ ಒಂದೇ ಕಡೆಯಿಂದ ಬರುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಕಳ್ಳಿ ಅಂದ ಕೂಡಲೇ ನಮ್ಮ ಮನಸ್ಸು ಮರಳುಗಾಡಿಗೆ ಹೋಗುತ್ತದೆ. ಈ ಕಳ್ಳಿ ಹುಟ್ಟಿದ್ದು ಕಾಡಿನಲ್ಲಿ. ಮೆಕ್ಸಿಕೋದ ದಕ್ಷಿಣ ಭಾಗ, ಗ್ವಾಟೆಮಾಲಾ, ಅಲ್ಲಿಂದ ಕೆಳಗಿನ ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕಾಂಡ ಹಿಡಿದು ಮೇಲೇರಿ, ಕೊಂಬೆಗಳ ಮೇಲೆ ಹರಡಿ ಬದುಕುವ ಬಳ್ಳಿ ಇದು. ಅದರ ಕಾಡಿನ ಬದುಕು ಅರ್ಥವಾದರೆ ಬೇಸಾಯದ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಮೊದಲು ಗುರುತು. ನಮ್ಮ ಬೇಲಿಗಳಲ್ಲಿ ಕಾಣುವ ಎಲೆಗಳ್ಳಿ, ಬೊಂತೆಗಳ್ಳಿಗಳನ್ನು ಮುರಿದರೆ ಬಿಳಿ ಹಾಲು ಬರುತ್ತದೆ. ಅವು ಬೇರೆಯೇ ಕುಟುಂಬ. ಡ್ರ್ಯಾಗನ್ ಬಳ್ಳಿಯನ್ನು ಮುರಿದರೆ ಹಾಲು ಬರುವುದಿಲ್ಲ, ಲೋಳೆ ಬರುತ್ತದೆ. ಇನ್ನೂ ಖಚಿತವಾದ ಗುರುತು ಬೇಕೆಂದರೆ ಅದರ ಏಣುಗಳ ಅಂಚನ್ನು ಹತ್ತಿರದಿಂದ ನೋಡಿ. ಈ ಕಾಂಡ ಮೂರು ಏಣಿನದು. ಪ್ರತಿ ಏಣಿನ ಅಂಚೂ ಅಲೆ ಅಲೆಯಾಗಿದೆ, ಅಂಚಿನುದ್ದಕ್ಕೂ ಉಗುರಿನಂಥ ಗಟ್ಟಿ ಕಂದು ಗೆರೆ ಇದೆ. ಅಲೆಯ ತಗ್ಗಿನಲ್ಲಿ ಒಂದು ಸಣ್ಣ ಬೂದು ಬಣ್ಣದ ಚುಕ್ಕೆ, ಅದರಿಂದ ಹೊರಟ ಒಂದೆರಡು ಗಿಡ್ಡ ಮುಳ್ಳು. ಆ ಚುಕ್ಕೆಯನ್ನು ಅರಿಯೋಲ್ ಅನ್ನುತ್ತಾರೆ. ಪಾಪಾಸುಕಳ್ಳಿಯಿಂದ ಹಿಡಿದು ಕುಂಡದ ಸಣ್ಣ ಕಳ್ಳಿಗಳವರೆಗೆ ನಿಜವಾದ ಕ್ಯಾಕ್ಟಸ್‌ಗಳಿಗೆಲ್ಲ ಇದು ಇದೆ, ಹಾಲುಗಳ್ಳಿಗಳಿಗೆ ಇಲ್ಲ. ಹೊಸ ಚಿಗುರು, ಹೂಮೊಗ್ಗು ಎರಡೂ ಅಲ್ಲಿಂದಲೇ ಹೊರಡುತ್ತವೆ. ಕಟಿಂಗ್ ಕೊಳ್ಳುವಾಗ ಈ ಚುಕ್ಕೆಗಳು ಕಪ್ಪಾಗಿ ಕೊಳೆತಿಲ್ಲ ಅಂತ ನೋಡಿಕೊಳ್ಳಿ.

ಸಸ್ಯಶಾಸ್ತ್ರದ ಹೆಸರನ್ನೂ ಹೇಳಿಬಿಡುತ್ತೇನೆ. ಏಡ್ರಿಯನ್ ಹಾವರ್ತ್ ಎಂಬ ಇಂಗ್ಲೆಂಡಿನ ಸಸ್ಯವಿಜ್ಞಾನಿ 1830ರಲ್ಲಿ ಇದನ್ನು ವಿವರಿಸಿದ. ಬಹುಕಾಲ ಹೈಲೋಸೀರಿಯಸ್ ಅಂಡೇಟಸ್ ಅಂತ ಕರೆಯುತ್ತಿದ್ದರು. 2017ರ ನಂತರ ಸೆಲೆನಿಸೀರಿಯಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಒಂದು, ಹೊಸತರಲ್ಲಿ ಇನ್ನೊಂದು ಹೆಸರು ಕಂಡರೆ ಗೊಂದಲ ಬೇಡ. ಅದೇ ಕುಲದಲ್ಲಿ ಸೆಲೆನಿಸೀರಿಯಸ್ ಗ್ರಾಂಡಿಫ್ಲೋರಸ್ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟ ಗಿಡ ಅದು. ಕಾಂಡ ಬೆರಳಿನಷ್ಟೇ ದಪ್ಪ, ಏಣುಗಳು ಐದರಿಂದ ಎಂಟು, ಹೂವಿಗೆ ಗಾಢವಾದ ಪರಿಮಳ. ಹೋಮಿಯೋಪಥಿ ಅಂಗಡಿಯಲ್ಲಿ ಕ್ಯಾಕ್ಟಸ್ ಗ್ರಾಂಡಿಫ್ಲೋರಸ್ ಅಂತ ಸಿಗುವ ಔಷಧದ ಮೂಲ ಅದೇ. ಮೂರನೆಯ ನೆಂಟ ನಿಮ್ಮ ಮನೆಯಲ್ಲೇ ಇದ್ದಾನೆ. ಕೊಡಗಿನ ಜಗಲಿಗಳಲ್ಲೆಲ್ಲ ಕಾಣುವ ಬ್ರಹ್ಮಕಮಲ, ಅಂದರೆ ಎಪಿಫಿಲ್ಲಮ್ ಆಕ್ಸಿಪೆಟಾಲಮ್, ಅದೂ ಅಮೆರಿಕದ ಕಾಡಿನ ಮರಗಳ ಮೇಲೆ ಬೆಳೆಯುವ ಕ್ಯಾಕ್ಟಸ್. ನಾವು ಎಲೆ ಅಂದುಕೊಂಡಿರುವುದು ಅದರ ಚಪ್ಪಟೆಯಾದ ಕಾಂಡ. ಮೂರೂ ಇರುಳಲ್ಲಿ ಅರಳುತ್ತವೆ, ಪ್ರತಿ ಹೂವಿನ ಆಯುಸ್ಸು ಒಂದೇ ರಾತ್ರಿ.

ಈಗ ಬಳ್ಳಿಯ ಬದುಕಿಗೆ ಬರೋಣ. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ಕರಿಮೆಣಸಿನ ಬಳ್ಳಿ ನಿಮ್ಮ ಕೈಯಲ್ಲೇ ಬೆಳೆದಿದೆ. ಮೆಣಸಿನ ಹಾಗೆಯೇ ಇದೂ ಕಾಂಡದಿಂದ ಗಾಳಿಬೇರು ಬಿಟ್ಟು ಮರವನ್ನು ಕಚ್ಚಿ ಹಿಡಿಯುತ್ತದೆ. ಮರದ ಸಾರ ಹೀರುವುದಿಲ್ಲ. ನೆಲದಲ್ಲಿರುವ ಬೇರುಗಳೂ ಆಳಕ್ಕೆ ಇಳಿಯುವುದಿಲ್ಲ. ಮೇಲ್ಮಣ್ಣಿನಲ್ಲಿ, ಕೊಳೆತ ತರಗೆಲೆಯ ನಡುವೆ ಅಗಲವಾಗಿ ಹರಡುತ್ತವೆ. ಮರದ ಕವಲಿನಲ್ಲಿ ಗೊಬ್ಬರವಾದ ಎಲೆ ಸಿಕ್ಕರೆ ಅಲ್ಲಿಯೂ ಬೇರು ಬಿಟ್ಟುಕೊಂಡು, ನೆಲದ ಬುಡ ಸತ್ತರೂ ಮೇಲಿನ ಭಾಗ ಬದುಕುವುದುಂಟು. ಹಾಗಾಗಿ ಇದಕ್ಕೆ ಬೇಕಾದದ್ದು ಬರೀ ಮರಳು ಅಲ್ಲ. ಸಡಿಲವಾದ, ಕೊಟ್ಟಿಗೆ ಗೊಬ್ಬರ ಬೆರೆತ, ತೇವ ಹಿಡಿಯುವ, ಆದರೆ ನೀರು ನಿಲ್ಲದ ಮಣ್ಣು. ಬುಡಕ್ಕೆ ತರಗೆಲೆಯ ಹೊದಿಕೆ ಬೇಕು, ಕಾಂಡಕ್ಕೆ ತಾಗದ ಹಾಗೆ. ಗುದ್ದಲಿಯಿಂದ ಬುಡ ಕೆತ್ತುವುದಂತೂ ಬೇಡವೇ ಬೇಡ. ಉಣ್ಣುವ ಬೇರುಗಳೆಲ್ಲ ಅಲ್ಲೇ ಇವೆ.

ಮೆಣಸಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮೆಣಸು ಚದುರಿದ ನೆರಳಲ್ಲಿ ತೆನೆ ಬಿಡುತ್ತದೆ. ಈ ಕಳ್ಳಿ ನೆರಳಲ್ಲಿ ಬದುಕುತ್ತದೆ, ಹಸಿರಾಗಿ ಉದ್ದಕ್ಕೆ ಬೆಳೆಯುತ್ತದೆ, ಆದರೆ ಹೂ ಬಿಡುವುದು ಬೆಳಕಿಗೆ ತಲುಪಿದ ಮೇಲೆ. ಕಾಡಿನಲ್ಲಿ ಅದು ಮರ ಹತ್ತುವುದೇ ಬೆಳಕಿಗಾಗಿ. ಮೇಲೆ ತಲುಪಿ, ಕೊಂಬೆಯಿಂದ ಕೆಳಕ್ಕೆ ಇಳಿಬಿದ್ದ ಕವಲುಗಳಲ್ಲಿ ಹೂ ಹೆಚ್ಚು. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಜೊತೆ ಇದನ್ನೂ ಹತ್ತಿಸಿದವರ ಬಳ್ಳಿ ಸೊಂಪಾಗಿದ್ದು ಹೂವಿಲ್ಲದಿರುವುದಕ್ಕೆ ಕಾರಣ ಇದೇ. ಅದಿನ್ನೂ ಹತ್ತುತ್ತಲೇ ಇದೆ. ಅಷ್ಟು ಮೇಲೆ ಹೋಗಿ ಹೂ ಬಿಟ್ಟರೂ ಏಣಿ ಇಟ್ಟು ಹಣ್ಣು ಕೀಳಬೇಕು.

ಅದಕ್ಕೇ ಕಂಬ. ಏಳಡಿ ಉದ್ದದ ಸಿಮೆಂಟ್ ಅಥವಾ ಕಲ್ಲಿನ ಕಂಬ, ಎರಡಡಿ ನೆಲದೊಳಗೆ, ಐದಡಿ ಮೇಲೆ. ತುದಿಯಲ್ಲಿ ಕಬ್ಬಿಣದ ಸರಳು ತೂರಿಸಿ ಹಳೆಯ ಸ್ಕೂಟರ್ ಟೈರ್ ಅಥವಾ ಸಿಮೆಂಟ್ ಬಳೆ ಕೂರಿಸುವುದು. ಕಂಬದ ನಾಲ್ಕು ಬದಿಗೆ ನಾಲ್ಕು ಬಳ್ಳಿ. ಕಂಬದಿಂದ ಕಂಬಕ್ಕೆ 3 ಮೀಟರ್ ಕೊಟ್ಟರೆ ಎಕರೆಗೆ ಸುಮಾರು 450 ಕಂಬ, 1,800 ಬಳ್ಳಿ. ಬಳ್ಳಿ ಟೈರ್ ತಲುಪುವವರೆಗೆ ಒಂದೇ ಕಾಂಡ ಬಿಡಿ, ಪಕ್ಕದ ಚಿಗುರುಗಳನ್ನೆಲ್ಲ ಕಾಫಿಯ ಕಂಬಚಿಗುರು ತೆಗೆದ ಹಾಗೆ ತೆಗೆಯುತ್ತಾ ಹೋಗಿ. ಟೈರ್ ದಾಟಿದ ಮೇಲೆ ತುದಿ ಚಿವುಟಿ. ಅಲ್ಲಿಂದ ಕವಲೊಡೆದು ಸುತ್ತಲೂ ಇಳಿಬೀಳುತ್ತದೆ. ಕಾಡಿನಲ್ಲಿ ಮರದ ತುದಿಯಲ್ಲಿ ನಡೆಯುವುದನ್ನು ನಾವು ಎದೆಯೆತ್ತರಕ್ಕೆ ತಂದ ಹಾಗಾಯಿತು. ಕಂಬ ಗಟ್ಟಿ ಇರಲಿ. ಐದಾರು ವರ್ಷದ ಬಳ್ಳಿಗಳು ಮಳೆ ನೀರು ಕುಡಿದು ನಿಂತಾಗ ಆ ಭಾರ ಸಣ್ಣದಲ್ಲ. ಮಣ್ಣು ನೆನೆದ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬೀಸುವ ಗಾಳಿಗೆ ಅರೆಬರೆ ಹೂತ ಕಂಬಗಳು ವಾಲುತ್ತವೆ.

ನೆಡುವ ತುಂಡಿನ ವಿಷಯ. ಬೀಜದ ಗಿಡ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು, ತಾಯಿಯ ಗುಣವೂ ಬರುವ ಭರವಸೆ ಇಲ್ಲ. ಹಣ್ಣು ಕೊಟ್ಟ ಬಳ್ಳಿಯಿಂದ ಬಲಿತ, ಕಡು ಹಸಿರಿನ, ಒಂದಡಿ ಹತ್ತಿರ ಉದ್ದದ ತುಂಡು ಆರಿಸಿ. ಕತ್ತರಿಸಿದ ಕೂಡಲೇ ನೆಡಬೇಡಿ. ನೆರಳಲ್ಲಿ, ಗಾಳಿಯಾಡುವ ಕಡೆ ಐದಾರು ದಿನದಿಂದ ಒಂದು ವಾರ ಇಡಿ. ಕತ್ತರಿಸಿದ ಬಾಯಿ ಬಿಳಿಚಿ, ಒಣಗಿ, ಮುಟ್ಟಿದರೆ ಗಟ್ಟಿಯಾಗಬೇಕು. ಹಸಿ ಬಾಯಿ ಒದ್ದೆ ಮಣ್ಣಿಗೆ ಇಳಿದರೆ ಕೊಳೆಯುವುದು ಅಲ್ಲಿಂದಲೇ. ಬುಡ ಯಾವುದು, ತುದಿ ಯಾವುದು ಎಂದು ಗುರುತು ಮಾಡಿಟ್ಟುಕೊಳ್ಳಿ, ತಲೆಕೆಳಗಾಗಿ ನೆಡುವುದು ಬೇಡ. ಎರಡಿಂಚು ಆಳ ಸಾಕು. ಫೆಬ್ರವರಿ, ಮಾರ್ಚಿನಲ್ಲಿ ಪಾಲಿಥಿನ್ ಚೀಲದಲ್ಲಿ ಬೇರು ಬರಿಸಿ, ಮುಂಗಾರಿನ ಅಬ್ಬರ ಇಳಿದ ಮೇಲೆ, ಅಂದರೆ ಸೆಪ್ಟೆಂಬರ್ ಆರಂಭದ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ, ತೋಟಕ್ಕೆ ಇಳಿಸುವುದು ನಮ್ಮ ಮಳೆಗೆ ಒಪ್ಪುವ ಲೆಕ್ಕ. ಮೊದಲ ಬೇಸಿಗೆಯಲ್ಲಿ ಎಳೆ ಬಳ್ಳಿಗೆ ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಹಳದಿಗಟ್ಟಿ ಸುಟ್ಟ ಕಲೆ ಬೀಳುತ್ತದೆ, ಒಂದಷ್ಟು ಮರೆ ಕೊಡಿ. ಒಂದೂವರೆ ವರ್ಷದ ಹೊತ್ತಿಗೆ ಮೊದಲ ಹೂವು ನಿರೀಕ್ಷಿಸಬಹುದು. ಪೂರ್ತಿ ಫಸಲಿಗೆ ನಾಲ್ಕೈದು ವರ್ಷ.

ಕೊಡಗಿನಲ್ಲಿ ಎಲ್ಲಿ ನೆಡಬೇಕು? ಇದನ್ನು ನಾನು ಒತ್ತಿ ಹೇಳುತ್ತೇನೆ. ವಿಯೆಟ್ನಾಂಗೆ ಈ ಗಿಡವನ್ನು ಫ್ರೆಂಚರು 19ನೇ ಶತಮಾನದಲ್ಲಿ ತಂದರು. ಇವತ್ತು ಅಲ್ಲಿನ ಬಿನ್ ತುವಾನ್ ಪ್ರದೇಶ ಈ ಹಣ್ಣಿಗೆ ಹೆಸರಾಗಿದೆ. ಅದು ಇರುವುದು ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಡಿಕೇರಿ ಇರುವುದು 12 ಡಿಗ್ರಿಯ ಆಸುಪಾಸಿನಲ್ಲಿ. ಹಗಲು ರಾತ್ರಿಯ ಉದ್ದ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆದರೆ ಬಿನ್ ತುವಾನ್ ವಿಯೆಟ್ನಾಂನಲ್ಲೇ ಮಳೆ ಕಡಿಮೆ ಬೀಳುವ ಸೀಮೆ. ನಮ್ಮ ಜಿಲ್ಲೆಯಲ್ಲಿ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ. ಕುಶಾಲನಗರ, ಶಿರಂಗಾಲದ ಕಡೆ ಅದರ ಕಾಲು ಭಾಗವೂ ಕಷ್ಟ. ಹಣ್ಣಿಗಾಗಿ, ಆದಾಯಕ್ಕಾಗಿ ಬೆಳೆಯುವವರು ಪೂರ್ವದ ಆ ಸೆರಗಿನಲ್ಲಿ ಧೈರ್ಯ ಮಾಡಬಹುದು. ನಾಪೋಕ್ಲು, ಭಾಗಮಂಡಲ, ಶ್ರೀಮಂಗಲದ ಕಡೆಯವರು ಮನೆಯ ಹತ್ತಿರ ನಾಲ್ಕು ಕಂಬ ಹಾಕಿ, ಹೂವಿಗಾಗಿ ಬೆಳೆಸಿ, ಮಕ್ಕಳಿಗೆ ತೋರಿಸಿ. ಎಕರೆಗಟ್ಟಲೆ ಹಾಕಬೇಡಿ. ವೆನಿಲ್ಲಾ ಏರಿದ್ದು, ಇಳಿದದ್ದು ನಮ್ಮ ಕಣ್ಣೆದುರೇ ನಡೆದಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಮೆಣಸು ಕಿತ್ತು ವೆನಿಲ್ಲಾ ಹಬ್ಬಿಸಿದ ಮನೆಗಳಿಗೆ ಅದರ ಬೆಲೆ ಗೊತ್ತು. ಈ ಗಿಡದ ಮೇಲೆ ನನಗೆ ಬಹಳ ಪ್ರೀತಿ ಇದೆ, ಆದ್ದರಿಂದಲೇ ಬೆಲೆಯ ಸುದ್ದಿ ನಂಬಿ ಯಾರೂ ಇದನ್ನು ನೆಟ್ಟು ಆಮೇಲೆ ಶಪಿಸಬಾರದು ಅಂತ ಆಸೆ. ತಳಿ, ಗೊಬ್ಬರದ ವಿವರಗಳಿಗೆ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ ನಮ್ಮ ಕೈಗೆಟುಕುವಷ್ಟು ಹತ್ತಿರ ಇದೆ; ತುಮಕೂರು ಬಳಿಯ ಹಿರೇಹಳ್ಳಿ ಕೇಂದ್ರದಲ್ಲಿ ಈ ಬೆಳೆಯ ಮೇಲೇ ಕೆಲಸ ನಡೆಯುತ್ತಿದೆ. ಹೋಗಿ ನೋಡಿ ಬನ್ನಿ.

ಮಳೆಗಾಲದ ಕೊಳೆಗೆ ಮದ್ದಿಗಿಂತ ಮೊದಲು ಬಸಿಗಾಲುವೆ. ಕಂಬದ ಸುತ್ತ ಮಣ್ಣನ್ನು ಒಂದಡಿ ಏರಿಸಿ ದಿಬ್ಬದ ಮೇಲೆ ನೆಡಿ. ಬಳ್ಳಿ ದಟ್ಟವಾದರೆ ಒಳಗಿನ ಹಳೆಯ ಕವಲು ತೆಗೆದು ಗಾಳಿಯಾಡಿಸಿ. ಕಾಂಡದ ಮೇಲೆ ಸಣ್ಣ ಕಿತ್ತಳೆ ಕಂದು ಚುಕ್ಕೆಗಳು ಬಂದು, ಹರಡಿ, ಹುಣ್ಣಿನಂತೆ ಒಣಗುವುದು ಒಂದು ಶಿಲೀಂಧ್ರದ ಕೆಲಸ. ಆ ಭಾಗವನ್ನು ಕತ್ತರಿಸಿ ತೋಟದಿಂದ ಹೊರಗೆ ಒಯ್ದು ಸುಡಿ. ಅಲ್ಲೇ ಬುಡಕ್ಕೆ ಎಸೆದರೆ ರೋಗವನ್ನು ಸಾಕಿದ ಹಾಗೆ. ಕತ್ತರಿಯನ್ನು ಪ್ರತಿ ಕಂಬಕ್ಕೂ ಒರೆಸಿಕೊಳ್ಳಿ. ಮೆಣಸು, ಅಡಿಕೆಗೆ ಮುಂಗಾರಿನ ಮೊದಲು ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆಯುವಾಗ ಇದಕ್ಕೂ ಒಂದು ಸಲ ಕೊಡಿ. ಮೊಗ್ಗಿನ ಮೇಲೆ ಇರುವೆ ಸಾಲು ಕಂಡರೆ ಹಿಟ್ಟುತಿಗಣೆ ಇದೆಯಾ ನೋಡಿ.

ನೀರಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಬಹುಪಾಲು ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಈ ಕಳ್ಳಿ ರಂಧ್ರ ತೆರೆಯುವುದು ರಾತ್ರಿ, ತಂಪಿನಲ್ಲಿ. ತೆಗೆದುಕೊಂಡದ್ದನ್ನು ಆಮ್ಲದ ರೂಪದಲ್ಲಿ ಕಾಂಡದೊಳಗೆ ಇಟ್ಟುಕೊಂಡು, ಬೆಳಗಾದ ಮೇಲೆ ಬಾಗಿಲು ಮುಚ್ಚಿ ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಹೂವಷ್ಟೇ ಅಲ್ಲ, ಇಡೀ ಗಿಡವೇ ಇರುಳಿನದು. ಅದಕ್ಕೇ ಬೇಸಿಗೆಯಲ್ಲಿ ಸ್ವಲ್ಪ ನೀರಿಗೂ ಬದುಕುತ್ತದೆ. ಆದರೆ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ಮೊಗ್ಗು ಕಂಡ ಮೇಲೆ ಬುಡ ಒಣಗಿದರೆ ಮೊಗ್ಗು ಹಳದಿಯಾಗಿ ಉದುರುತ್ತದೆ.

ಇನ್ನು ಆ ಹೂವು. ಹಗಲು ಉದ್ದವಾಗುವ ಕಾಲಕ್ಕೆ ಈ ಗಿಡ ಮೊಗ್ಗು ಹಿಡಿಯುತ್ತದೆ. ನಮ್ಮಲ್ಲಿ ಮೇ ಕೊನೆಯಿಂದ ಅಕ್ಟೋಬರ್ ತನಕ ಅಲೆ ಅಲೆಯಾಗಿ ಬರುತ್ತದೆ, ಒಂದು ಸರದಿ ಮುಗಿದು ಇನ್ನೊಂದು. ವಿಯೆಟ್ನಾಂನವರು ಚಳಿಗಾಲದಲ್ಲಿ ತೋಟದೊಳಗೆ ರಾತ್ರಿ ದೀಪ ಉರಿಸಿ ಗಿಡಕ್ಕೆ ರಾತ್ರಿಯನ್ನು ಗಿಡ್ಡ ಮಾಡಿ, ಅಕಾಲದಲ್ಲೂ ಹೂ ಬರಿಸುತ್ತಾರೆ. ಅರಿಯೋಲ್‌ನಲ್ಲಿ ಒಂದು ಹಸಿರು ಗುಬ್ಬಿ ಮೂಡಿದ ದಿನದಿಂದ ಹೂ ಅರಳಲು ಸುಮಾರು ಮೂರು ವಾರ. ಕೊನೆಯ ದಿನಗಳಲ್ಲಿ ಮೊಗ್ಗು ಒಂದಡಿ ಹತ್ತಿರ ಉದ್ದವಾಗುತ್ತದೆ. ಅರಳುವ ದಿನ ಸಂಜೆ ಅದರ ತುದಿ ಉಬ್ಬಿ ಸಡಿಲಾಗುತ್ತದೆ, ಹೊರಗಿನ ಹಳದಿ ಹಸಿರು ಎಸಳುಗಳು ಹಿಂದಕ್ಕೆ ಬಾಗಲು ಶುರುವಾಗುತ್ತವೆ. ಕತ್ತಲಾಗುತ್ತಾ ಒಳಗಿನ ಬಿಳಿ ಕಾಣುತ್ತದೆ. ಒಂಬತ್ತು, ಹತ್ತು ಗಂಟೆಗೆ ಪೂರ್ತಿ ತೆರೆದುಕೊಂಡು ಊಟದ ತಟ್ಟೆಯಷ್ಟು ಅಗಲ ನಿಲ್ಲುತ್ತದೆ.

ಟಾರ್ಚ್ ಹಿಡಿದು ಒಳಗೆ ನೋಡಿ. ನೂರಾರು ತೆಳು ಕೇಸರಗಳು, ಪ್ರತಿಯೊಂದರ ತುದಿಯಲ್ಲೂ ತಿಳಿ ಹಳದಿ ಪರಾಗ. ಅವುಗಳ ನಡುವಿನಿಂದ ದಪ್ಪನೆಯ ಒಂದು ಶಲಾಕೆ ಎದ್ದು, ಕೇಸರಗಳನ್ನು ದಾಟಿ ಮುಂದಕ್ಕೆ ಚಾಚಿ, ತುದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕವಲುಗಳಾಗಿ ಬಿರಿದಿರುತ್ತದೆ. ಪರಾಗ ಸೇರಬೇಕಾದ ಜಾಗ ಅದೇ. ಅದು ಕೇಸರಗಳಿಗಿಂತ ಮುಂದೆ ಇರುವುದರಿಂದ ಹೂವಿನ ಪರಾಗ ತಾನಾಗಿ ಅಲ್ಲಿಗೆ ಬೀಳುವುದು ಕಷ್ಟ. ಯಾರಾದರೂ ಒಯ್ದು ಮುಟ್ಟಿಸಬೇಕು. ತವರಿನಲ್ಲಿ ಆ ಕೆಲಸ ಮಾಡುವುದು ಮಕರಂದ ಕುಡಿಯುವ ಬಾವಲಿಗಳು ಮತ್ತು ಉದ್ದ ನಾಲಗೆಯ ಹಾಕ್‌ಮಾತ್ ಪತಂಗಗಳು. ಬಿಳಿ ಬಣ್ಣ, ಪರಿಮಳ, ಇರುಳಿನ ಹೊತ್ತು, ಎಲ್ಲ ಅವರಿಗಾಗಿಯೇ. ನಮ್ಮ ಕಾಡಿನಲ್ಲೂ ಹಾಕ್‌ಮಾತ್‌ಗಳಿವೆ, ಆದರೆ ಅವನ್ನು ನಂಬಿ ಬೆಳೆ ತೆಗೆಯಲಾಗದು. ಬೆಳಗಿನ ಜಾವ ಹೂ ಮುಚ್ಚುವ ಮೊದಲು ಜೇನು ಬಂದರೆ ಅದೂ ಸಾಕಷ್ಟು ಕೆಲಸ ಮಾಡುತ್ತದೆ. ಬಿಸಿಲೂರಿನಲ್ಲಿ ಹೂವು ಬೇಗ ಬಾಡುತ್ತದೆ. ನಮ್ಮ ಮಂಜಿನ, ಮೋಡದ ಬೆಳಗಿನಲ್ಲಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಇದು ಅನುಕೂಲ. ಮಳೆ ಸುರಿಯುವ ಬೆಳಗಿನಲ್ಲಿ ಮಾತ್ರ ಜೇನು ಗೂಡು ಬಿಡುವುದಿಲ್ಲ, ಪರಾಗವೂ ಒದ್ದೆಯಾಗಿ ಕೆಡುತ್ತದೆ. ಕಕ್ಕಡದ ಹೂವುಗಳು ಉದುರಿ, ಸೆಪ್ಟೆಂಬರ್ ಹೂವುಗಳು ಕಾಯಿ ಕಟ್ಟುವುದಕ್ಕೆ ಒಂದು ಕಾರಣ ಇದು.

ಕಾಯಿ ಕಟ್ಟದಿರುವುದಕ್ಕೆ ಇನ್ನೊಂದು ಕಾರಣ ತಳಿ. ಬಿಳಿ ತಿರುಳಿನ ಬಳ್ಳಿಗಳಲ್ಲಿ ಹಲವು ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನವು ಬೇರೆ ಜಾತಿ, ಅವುಗಳಲ್ಲಿ ಹಲವಕ್ಕೆ ತಮ್ಮ ಪರಾಗ ಹಿಡಿಸುವುದಿಲ್ಲ. ಒಂದೇ ತಾಯಿ ಬಳ್ಳಿಯ ಕಟಿಂಗ್ ತಂದು ನೂರು ಕಂಬಕ್ಕೆ ಹಬ್ಬಿಸಿದರೂ ಆ ಲೆಕ್ಕದಲ್ಲಿ ಅದು ಒಂದೇ ಗಿಡ. ನಾನೂರು ಹೂವು ಅರಳಿದರೂ ಒಂದಕ್ಕೊಂದು ಪರಾಗ ಕೊಟ್ಟು ಪ್ರಯೋಜನವಿಲ್ಲ. ಸಾಲಿನ ನಡುನಡುವೆ ಬೇರೆ ತಳಿ, ಬಿಳಿಯದಾದರೂ ಸರಿ, ಇರಲೇಬೇಕು. ಮಾರುವವರು ಇದನ್ನು ಹೇಳುವುದಿಲ್ಲ. ನೀವೇ ಕೇಳಿ.

ಕೈಯಿಂದ ಪರಾಗ ಮುಟ್ಟಿಸುವುದನ್ನು ಕೊಡಗಿನ ಹೆಂಗಸರಿಗೆ ನಾನು ಕಲಿಸಬೇಕಾಗಿಲ್ಲ. ವೆನಿಲ್ಲಾ ಹೂವಿಗೆ ಮುಂಜಾನೆ ಕಡ್ಡಿ ಹಿಡಿದು ಹೋದ ಕೈಗಳು ಈ ಸಭೆಯಲ್ಲೂ ಇವೆ. ಅದಕ್ಕಿಂತ ಇದು ಸುಲಭ. ರಾತ್ರಿ ಎಂಟೂವರೆಯ ನಂತರ ಒಂದು ಬಟ್ಟಲು, ಮೆದುವಾದ ಬ್ರಷ್ ತೆಗೆದುಕೊಂಡು ಹೋಗಿ. ಒಂದು ತಳಿಯ ಹೂವನ್ನು ಬಟ್ಟಲ ಮೇಲೆ ಬಾಗಿಸಿ ಕೇಸರಗಳನ್ನು ಮೆಲ್ಲಗೆ ತಟ್ಟಿದರೆ ಪರಾಗ ಉದುರುತ್ತದೆ. ಅದನ್ನು ಇನ್ನೊಂದು ತಳಿಯ ಹೂವಿನ ಶಲಾಕೆಯ ಕವಲುಗಳಿಗೆಲ್ಲ ತಾಗುವ ಹಾಗೆ ಸವರಿ. ಒಂದು ಕವಲಿಗೆ ತಾಗಿಸಿ ಬಂದರೆ ಸಾಲದು. ಪರಾಗ ಹೆಚ್ಚು ಸೇರಿದಷ್ಟೂ ಬೀಜ ಹೆಚ್ಚು, ಬೀಜ ಹೆಚ್ಚಿದಷ್ಟೂ ಹಣ್ಣು ದೊಡ್ಡದು. ಮಳೆಯ ಲಕ್ಷಣ ಇದ್ದರೆ ಸವರಿದ ಮೇಲೆ ಹೂವಿಗೆ ಬೆಣ್ಣೆ ಕಾಗದದ ಚೀಲ ಸಡಿಲವಾಗಿ ಮುಚ್ಚಿ. ಎರಡು ತಳಿ ಒಂದೇ ರಾತ್ರಿ ಅರಳದಿದ್ದರೆ ಪರಾಗವನ್ನು ಚೆನ್ನಾಗಿ ಒಣಗಿಸಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದು, ತಿಂಗಳುಗಟ್ಟಲೆ ಕೆಡುವುದಿಲ್ಲ.

ಕಾಯಿ ನಿಂತರೆ ಒಂದು ತಿಂಗಳಿಗೆ ಹಣ್ಣು. ಮಾವಿನ ಹಾಗೆ ಕಿತ್ತು ಹಣ್ಣಿಗಿಡುವುದಲ್ಲ. ಕಿತ್ತ ಮೇಲೆ ಸಿಹಿ ಹೆಚ್ಚುವುದಿಲ್ಲ. ಪೂರ್ತಿ ಕೆಂಪಾಗಿ ನಾಲ್ಕೈದು ದಿನ ಗಿಡದಲ್ಲೇ ಬಿಡಿ, ಮಂಗ, ಹಕ್ಕಿಗಳು ಬಿಟ್ಟರೆ.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಸುಂಟಿಕೊಪ್ಪದಿಂದ ಬಂದಿದ್ದ ಅಕ್ಕ ಒಬ್ಬರು, ತಮ್ಮ ಮನೆಯ ಬ್ರಹ್ಮಕಮಲ ಎಷ್ಟು ವರ್ಷವಾದರೂ ಹೂ ಬಿಟ್ಟಿಲ್ಲ, ಏನು ಮಾಡಲಿ ಅಂತ ಕೇಳಿದರು. ಕುಂಡ ಎಲ್ಲಿದೆ ಅಂದೆ. ಜಗಲಿಯ ಒಳಗೋಡೆಗೆ ಅಂದರು. ಅಕ್ಕಾ, ಅದನ್ನು ಬೆಳಗಿನ ಬಿಸಿಲು ಬೀಳುವ ಅಂಚಿಗೆ ತನ್ನಿ, ದೊಡ್ಡ ಕುಂಡಕ್ಕೆ ಬದಲಿಸಬೇಡಿ, ಸಗಣಿ ಗೊಬ್ಬರ ಸ್ವಲ್ಪ ಕಡಿಮೆ ಮಾಡಿ. ಹಳೆಯದಾಯಿತು ಅಂತ ಉದ್ದನೆಯ ಕಾಂಡಗಳನ್ನು ಕತ್ತರಿಸಿ ಹಾಕಬೇಡಿ, ಹೂವು ಬರುವುದು ಬಲಿತ ಕಾಂಡದಲ್ಲಿ.

ಇನ್ನೊಬ್ಬರು ಕಾಫಿಯ ನಡುವೆ ಕಂಬ ಹಾಕಬಹುದೇ ಎಂದರು. ಬೇಡ. ಮರಗಸಿ ಮಾಡಿ ನೆರಳಿನ ಮರಗಳ ಕೊಂಬೆ ಸವರಿದ ಮೇಲೂ ಅಲ್ಲಿ ಇದಕ್ಕೆ ಬೇಕಾದ ಬೆಳಕು ಸಿಗುವುದಿಲ್ಲ, ಕಾಫಿಗೆ ನೆರಳು ತೆಗೆದರೆ ಕಾಫಿ ಕೆಡುತ್ತದೆ. ಕಾಫಿ ಒಣಗಿಸುವ ಕಣದ ಅಂಚು, ಗೋದಾಮಿನ ದಕ್ಷಿಣದ ಬದಿ, ತೋಟದ ರಸ್ತೆಯ ಇಳಿಜಾರು, ಇಂಥ ಬಿಸಿಲಿನ ಜಾಗಗಳನ್ನು ನೋಡಿ. ಮನೆಯಿಂದ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಆನೆಯ ಭಯವಿಲ್ಲದೆ ನಡೆದು ಹೋಗಿ ಬರುವಷ್ಟು ಹತ್ತಿರ ಇರಲಿ.